ಮನೆ ಈಜುಕೊಳಕ್ಕೆ ಸೋಲಾರ್ ಕವರ್: ಧಾರವಾಡ, ಗದಗ, ಹಾವೇರಿ ಕಡೆಗೆ ಯಾವುದು ಸರಿ?

ಸೋಲಾರ್ ಕವರ್ ಅಂದ ಕೂಡಲೇ ನಮ್ಮ ಕಡೆ ಮೊದಲು ಬರುವ ಪ್ರಶ್ನೆ: "ಇದರಿಂದ ಕರೆಂಟ್ ಬರ್ತದೇನ್ರಿ?" ಬರುವುದಿಲ್ಲ. ಇದು ನೀರಿನ ಮೇಲೆ ತೇಲುವ ಗುಳ್ಳೆಗುಳ್ಳೆಯ ಪ್ಲಾಸ್ಟಿಕ್ ಹಾಳೆ. ಹೊಸ ಮಿಕ್ಸರ್, ಟಿವಿ ಸುತ್ತಿ ಕಳಿಸುವ ಗುಳ್ಳೆ ಹಾಳೆ ನೋಡಿದ್ದೀರಲ್ಲ, ಅದೇ ಜಾತಿ, ಆದರೆ ತುಂಬಾ ದಪ್ಪ ಮತ್ತು ಬಿಸಿಲು ತಾಳುವಂಥದ್ದು. ಬಿಸಿಲಿನ ಕಾವು ನೀರಿಗೆ ಇಳಿಯಲು ಬಿಡುತ್ತದೆ, ನೀರು ಆವಿಯಾಗಿ ಹೋಗುವುದನ್ನು ತಡೆಯುತ್ತದೆ. ಅದರ ಕೆಲಸ ಅಷ್ಟೇ.

ಧಾರವಾಡದ ಹೊರಗೆ ನಮ್ಮ ತೋಟದ ಮನೆಯಲ್ಲಿ 8 ಮೀಟರ್ ಉದ್ದ, 4 ಮೀಟರ್ ಅಗಲದ ಒಂದು ಈಜುಕೊಳ ಇದೆ. ಆರು ವರ್ಷದಲ್ಲಿ ಮೂರು ಥರದ ಹೊದಿಕೆ ಹಾಕಿ ನೋಡಿದ್ದೇನೆ. ಗದಗಿನಲ್ಲಿ ನಮ್ಮ ಮಾವನವರ ಮನೆಯಲ್ಲೂ, ರಾಣೆಬೆನ್ನೂರಿನ ಗೆಳೆಯನ ಮನೆಯಲ್ಲೂ ಸಣ್ಣ ಕೊಳ ಇವೆ, ಅಲ್ಲಿಯ ಕವರ್‌ಗಳನ್ನು ನಾನೇ ಎಳೆದಿದ್ದೇನೆ, ಮಡಚಿದ್ದೇನೆ. ಇಷ್ಟೆಲ್ಲ ಆದ ಮೇಲೆ ನನಗೆ ಗಟ್ಟಿಯಾಗಿ ಅನಿಸಿದ್ದು ಒಂದು. ಇಂಟರ್ನೆಟ್‌ನಲ್ಲಿ ಸಿಗುವ ಸಲಹೆಗಳು ಬಹುತೇಕ ಚಳಿ ದೇಶದವರು ಬರೆದದ್ದು. ಅವರಿಗೆ ನೀರು ಬೆಚ್ಚಗಾಗಬೇಕು. ನಮಗೆ ಮೊದಲು ನೀರು ಉಳಿಯಬೇಕು. ಇಲ್ಲಿಂದ ಹೊರಟರೆ ಯಾವ ಕವರ್ ಅನ್ನುವುದರ ಉತ್ತರವೇ ಬೇರೆ ಆಗುತ್ತದೆ.

ಮೊದಲು ಒಂದು ಬಕೆಟ್ ಇಡಿ

ಕವರ್ ಕೊಳ್ಳುವ ಮುಂಚೆ ನಿಮ್ಮ ಕೊಳದ ನೀರು ಎಲ್ಲಿಗೆ ಹೋಗುತ್ತಿದೆ ಅಂತ ತಿಳಿಯಬೇಕು. ಒಂದು ಬಕೆಟ್‌ಗೆ ಕೊಳದ ನೀರನ್ನೇ ತುಂಬಿ, ತಳಕ್ಕೆ ಒಂದು ಕಲ್ಲು ಹಾಕಿ, ಕೊಳದ ಮೇಲಿನ ಮೆಟ್ಟಿಲಿನ ಮೇಲೆ ಇಡಿ. ಬಕೆಟ್ ಒಳಗಿನ ನೀರಿನ ಮಟ್ಟಕ್ಕೆ ಒಂದು ಗೆರೆ, ಹೊರಗೆ ಕೊಳದ ನೀರು ಮುಟ್ಟುವ ಜಾಗಕ್ಕೆ ಇನ್ನೊಂದು ಗೆರೆ ಎಳೆಯಿರಿ. ಪಂಪ್ ಬಂದ್ ಮಾಡಿ. ಯಾರೂ ಇಳಿಯುವುದು ಬೇಡ. 24 ಗಂಟೆ ಬಿಟ್ಟು ನೋಡಿ. ಎರಡೂ ಕಡೆ ಒಂದೇ ಅಳತೆ ಇಳಿದಿದ್ದರೆ ನೀರು ಆವಿಯಾಗಿಯೇ ಹೋಗಿದೆ. ಹೊರಗಿನದು ಜಾಸ್ತಿ ಇಳಿದಿದ್ದರೆ ಎಲ್ಲೋ ಸೋರುತ್ತಿದೆ, ಅದನ್ನು ಯಾವ ಕವರೂ ನಿಲ್ಲಿಸುವುದಿಲ್ಲ, ಮೊದಲು ಪ್ಲಂಬರ್‌ನನ್ನು ಕರೆಸಿ.

ಏಪ್ರಿಲ್‌ನಲ್ಲಿ ನಾನು ಇಟ್ಟ ಬಕೆಟ್‌ನಲ್ಲಿ 6 ಮಿಲಿಮೀಟರ್ ಇಳಿದಿತ್ತು. ಕಣ್ಣಿಗೆ ಏನೂ ಅಲ್ಲ, ಕಿರುಬೆರಳಿನ ಉಗುರಿನಷ್ಟೂ ಇಲ್ಲ. ಆದರೆ ಲೆಕ್ಕ ಹಾಕಿ. 1 ಚದರ ಮೀಟರ್ ಜಾಗದಲ್ಲಿ 1 ಮಿಲಿಮೀಟರ್ ನೀರು ಅಂದರೆ ಸರಿಯಾಗಿ 1 ಲೀಟರ್. ನಮ್ಮ ಕೊಳ 32 ಚದರ ಮೀಟರ್. ಅಂದರೆ ದಿನಕ್ಕೆ 192 ಲೀಟರ್, ತಿಂಗಳಿಗೆ 5,760 ಲೀಟರ್. 5,000 ಲೀಟರಿನ ಒಂದು ಟ್ಯಾಂಕರ್‌ಗಿಂತ ಜಾಸ್ತಿ ನೀರು ಸದ್ದಿಲ್ಲದೆ ಗಾಳಿಗೆ ಹೋಗುತ್ತಿತ್ತು. ಹುಬ್ಬಳ್ಳಿ-ಧಾರವಾಡದ ಕೆಲವು ವಾರ್ಡ್‌ಗಳಿಗೆ 2008ರಲ್ಲೇ 24 ಗಂಟೆ ನೀರು ಬಂತು, ಉಳಿದ ಎಷ್ಟೋ ಓಣಿಗಳಲ್ಲಿ ನಳ ಬರುವ ದಿನ ಎಣಿಸಿ ಕೊಡ ತುಂಬಿಟ್ಟುಕೊಂಡು ಬಂದವರು ನಾವು. ಆ ಊರಿನಲ್ಲಿ ಈಜುಕೊಳ ಇಟ್ಟುಕೊಂಡವರು ಈ ಲೆಕ್ಕ ಮಾಡಲೇಬೇಕು ಅಂತ ನನ್ನ ಅಭಿಪ್ರಾಯ.

ಇನ್ನು ಕಾವಿನ ವಿಷಯ. 1 ಲೀಟರ್ ನೀರು ಆವಿಯಾಗಲು ಸುಮಾರು 580 ಕಿಲೋಕ್ಯಾಲರಿ ಶಾಖ ಬೇಕು, ಅದನ್ನು ಅದು ಉಳಿದ ನೀರಿನಿಂದಲೇ ಎಳೆದುಕೊಳ್ಳುತ್ತದೆ. ಮಣ್ಣಿನ ಗಡಿಗೆಯಲ್ಲಿ ನೀರು ತಣ್ಣಗಾಗುವುದು ಇದೇ ಕಾರಣಕ್ಕೆ. 192 ಲೀಟರ್ ಹೊತ್ತೊಯ್ಯುವ ಶಾಖ ಅಂದರೆ 2 ಕಿಲೋವ್ಯಾಟ್ ಗೀಸರನ್ನು 60 ಗಂಟೆಗೂ ಜಾಸ್ತಿ ಹೊತ್ತು ಉರಿಸಿದಷ್ಟು. ಅಮೆರಿಕದ ಇಂಧನ ಇಲಾಖೆಯ ಲೆಕ್ಕದಲ್ಲೂ ಬಯಲಿನ ಈಜುಕೊಳ ಕಳೆದುಕೊಳ್ಳುವ ಶಾಖದಲ್ಲಿ ಸುಮಾರು ಶೇಕಡ 70ರಷ್ಟು ಆವಿಯಿಂದಲೇ ಹೋಗುತ್ತದೆ. ಕವರ್ ಹಾಕಿದರೆ ಮತ್ತೆ ಮತ್ತೆ ತುಂಬುವ ನೀರು ಶೇಕಡ 30ರಿಂದ 50ರಷ್ಟು ಕಡಿಮೆ ಆಗುತ್ತದೆ ಅಂತ ಅವರು ಹೇಳುತ್ತಾರೆ. ನೀರು ಉಳಿಸುವ ಕವರೇ ಕಾವನ್ನೂ ಉಳಿಸುತ್ತದೆ.

ಬೋರಿನ ನೀರು ತುಂಬುವವರಿಗೆ ಇನ್ನೊಂದು ಕಾರಣ ಇದೆ. ಆವಿಯಾಗಿ ಹೋಗುವುದು ಬರೀ ನೀರು. ಅದರೊಳಗಿನ ಉಪ್ಪು, ಸುಣ್ಣ ಕೊಳದಲ್ಲೇ ಉಳಿಯುತ್ತದೆ. ಇಳಿದಷ್ಟು ಗಡಸು ನೀರು ಮತ್ತೆ ತುಂಬಿದಂತೆಲ್ಲ ಸುಣ್ಣ ಏರುತ್ತಾ ಹೋಗುತ್ತದೆ. ಗದಗಿನ ಮಾವನವರ ಕೊಳದಲ್ಲಿ ನೀರು ಮುಟ್ಟುವ ಮಟ್ಟಕ್ಕೆ ಸರಿಯಾಗಿ, ನೀಲಿ ಟೈಲ್ಸ್ ಮೇಲೆ ಬೆರಳಗಲದ ಬಿಳಿ ಪಟ್ಟಿ ಕೂತಿತ್ತು. ಉಗುರಿನಿಂದ ಕೆರೆದರೆ ಬಚ್ಚಲ ಹಂಡೆಯೊಳಗೆ ಕಟ್ಟುವ ಸುಣ್ಣದ ಹಾಗೆ ಚಕ್ಕೆ ಚಕ್ಕೆಯಾಗಿ ಏಳುತ್ತಿತ್ತು. ಫಿಲ್ಟರ್‌ನ ಮರಳು ಕೂಡ ಅದೇ ಸುಣ್ಣಕ್ಕೆ ಗಟ್ಟಿಯಾಗಿತ್ತು. ಅವರು ಎರಡು ಸಲ ಆಸಿಡ್ ಹಾಕಿ ತೊಳೆಸಿದರು, ಎರಡು ಸಲವೂ ಪಟ್ಟಿ ಮರಳಿ ಬಂತು. ಕವರ್ ಹಾಕಿದ ಮೇಲೆ ಹೊಸ ಪಟ್ಟಿ ಕಟ್ಟುವುದು ಬಹಳ ನಿಧಾನ ಆಯಿತು.

ಎದುರಿಗಿರುವ ಆಯ್ಕೆಗಳು

ಎಲ್ಲರ ಮನಸ್ಸಿಗೆ ಮೊದಲು ಬರುವುದು ತಾಡಪತ್ರಿ. ಹುಬ್ಬಳ್ಳಿ ಪೇಟೆಯಲ್ಲಿ ಬೇಕಾದ ಅಳತೆಗೆ ಸಿಗುತ್ತದೆ, ಅಗ್ಗ, ಹರಿದರೆ ಹೊಲಿಯಬಹುದು. ನಾನೂ ಮೊದಲ ವರ್ಷ ಅದನ್ನೇ ಕಟ್ಟಿದೆ. ನಾಲ್ಕು ಮೂಲೆಗೆ ಗೂಟ ಹೊಡೆದು ಹಗ್ಗದಲ್ಲಿ ಬಿಗಿದರೂ ಮಧ್ಯದಲ್ಲಿ ಜೋತು ಬೀಳುತ್ತದೆ. ಒಂದು ಮಳೆ ಬಂದರೆ ಸಾಕು, ಹೊಟ್ಟೆ ತುಂಬಿದ ಹಾಗೆ ನೀರು ನಿಂತು, ಇಬ್ಬರು ಸೇರಿ ಎತ್ತಿದರೂ ಏಳುವುದಿಲ್ಲ. ಬದಿಗಳಲ್ಲಿ ಗಾಳಿ ಆಡುವುದರಿಂದ ಆವಿ ಪೂರಾ ನಿಲ್ಲುವುದೂ ಇಲ್ಲ. ಬಿಸಿಲನ್ನಂತೂ ಒಳಗೆ ಬಿಡುವುದೇ ಇಲ್ಲ. ಮೂರು ನಾಲ್ಕು ತಿಂಗಳು ಕೊಳ ಬಳಸುವುದೇ ಇಲ್ಲ, ಕಸ ಬೀಳದಿದ್ದರೆ ಸಾಕು ಅನ್ನುವವರಿಗೆ ಮಾತ್ರ ಇದು ಸರಿ. ವಾರಕ್ಕೆ ನಾಲ್ಕು ದಿನ ಈಜುವ ಮನೆಗೆ ಬೇಡ.

ನರ್ಸರಿಗಳಲ್ಲಿ ಕಟ್ಟುವ ಹಸಿರು ಶೇಡ್ ನೆಟ್ ಇನ್ನೊಂದು ದಾರಿ. ಕಬ್ಬಿಣದ ಪೈಪಿನ ಚೌಕಟ್ಟು ಹಾಕಿಸಿ ಕೊಳದ ಮೇಲೆ ಚಪ್ಪರದ ಹಾಗೆ ಕಟ್ಟುವುದು. ಎಳೆಯುವುದು, ಸುತ್ತುವುದು ಯಾವುದೂ ಇಲ್ಲ. ಎಲೆ ಬೀಳುವುದು ನಿಲ್ಲುತ್ತದೆ, ಬಿಸಿಲು ಅರ್ಧಕ್ಕೆ ಇಳಿಯುತ್ತದೆ, ಮಕ್ಕಳು ಮಧ್ಯಾಹ್ನವೂ ಆಡಬಹುದು. ಆವಿ ಕಡಿಮೆ ಆಗುತ್ತದೆ, ಆದರೆ ಸ್ವಲ್ಪ ಮಾತ್ರ, ಯಾಕೆಂದರೆ ನೀರಿನ ಮೈ ಗಾಳಿಗೆ ತೆರೆದೇ ಇರುತ್ತದೆ. ಚಳಿಗಾಲದಲ್ಲಿ ನೀರು ಇನ್ನೂ ತಣ್ಣಗಾಗುತ್ತದೆ. ಕವರ್ ಜೊತೆಗೆ ಇದೂ ಇದ್ದರೆ ಬಹಳ ಒಳ್ಳೆಯದು, ಕವರ್ ಬದಲಿಗೆ ಇದು ಸಾಲದು.

ದ್ರವದ ಕವರ್ ಅಂತಲೂ ಒಂದು ಮಾರುತ್ತಾರೆ. ನೀರಿಗೆ ಹಾಕಿದರೆ ಮೇಲೆ ಕಣ್ಣಿಗೆ ಕಾಣದಷ್ಟು ತೆಳುವಾದ ಪದರ ಕಟ್ಟುವಂಥದ್ದು. ಎಳೆಯುವ ಕಷ್ಟ ಇಲ್ಲ, ಆದರೆ ಗಾಳಿ ಬೀಸಿದರೆ ಆ ಪದರ ಒಂದು ಮೂಲೆಗೆ ಸರಿದು ಹರಿದುಹೋಗುತ್ತದೆ. ಮತ್ತೆ ಮತ್ತೆ ಹಾಕುತ್ತಲೇ ಇರಬೇಕು. ನಮ್ಮ ಬಯಲುಸೀಮೆಯ ಗಾಳಿಗೆ ನಾನಂತೂ ಇದನ್ನು ಹೇಳುವುದಿಲ್ಲ. ಫೋಮ್ ಹಾಳೆ ಚೆನ್ನಾಗಿ ಕಾವು ಹಿಡಿಯುತ್ತದೆ, ಆದರೆ ಅದು ಹೀಟರ್ ಇಟ್ಟ ಒಳಾಂಗಣ ಕೊಳಗಳಿಗೆ ಸರಿಹೋಗುವ ವಸ್ತು. ಮೋಟಾರಿನಲ್ಲಿ ತಾನೇ ತೆರೆದು ಮುಚ್ಚುವ ಪಟ್ಟಿಪಟ್ಟಿಯ ಕವರ್ ಎಲ್ಲದಕ್ಕಿಂತ ಅನುಕೂಲ. ಅದರ ದುಡ್ಡು ಮಾತ್ರ ಬೇರೆಯೇ ಮಟ್ಟದ್ದು, ಕೊಳ ಕಟ್ಟುವಾಗಲೇ ಅದಕ್ಕೆ ಜಾಗ ಬಿಡಿಸಿದ್ದರೆ ಚೆಂದ. ಇದ್ದವರು ಹಾಕಿಸಲಿ.

ಇನ್ನು ಕೆಲವರು ಕವರ್ ಬಿಟ್ಟು ನೇರವಾಗಿ ಹೀಟ್ ಪಂಪ್ (ಗಾಳಿಯ ಕಾವು ಎಳೆದು ನೀರಿಗೆ ಕೊಡುವ ಕರೆಂಟಿನ ಯಂತ್ರ) ಅಥವಾ ಮಾಳಿಗೆ ಮೇಲೆ ಸೋಲಾರ್ ಪೈಪಿನ ಹೀಟರ್ ಹಾಕಿಸಲು ಹೊರಡುತ್ತಾರೆ. ದಯವಿಟ್ಟು ಮೊದಲು ಕವರ್ ಹಾಕಿ ಒಂದು ಚಳಿಗಾಲ ಕಳೆಯಿರಿ. ಹಗಲು ಕಾಯಿಸಿದ್ದು ರಾತ್ರಿ ಆವಿಯಾಗಿ ಹೋಗುವುದಾದರೆ ಯಾವ ಹೀಟರ್ ಇದ್ದರೂ ಬಿಲ್ ಕಟ್ಟುವುದು ತಪ್ಪುವುದಿಲ್ಲ.

ಹಾಗಾಗಿ ನಮ್ಮಂಥ ಬಹುಪಾಲು ಮನೆಗಳಿಗೆ ಉಳಿಯುವುದು ಗುಳ್ಳೆ ಹಾಳೆಯೇ. ಅದರಲ್ಲಿ ದಪ್ಪ ಎಷ್ಟು, ಬಣ್ಣ ಯಾವುದು, ದಿನಾ ಎಳೆಯುವವರು ಯಾರು, ಈ ಮೂರನ್ನು ನೋಡಬೇಕು.

ದಪ್ಪವನ್ನು ತಕ್ಕಡಿಯಲ್ಲಿ ನೋಡಿ

ಗುಳ್ಳೆ ಹಾಳೆಯ ದಪ್ಪವನ್ನು ಮೈಕ್ರಾನ್‌ನಲ್ಲಿ ಹೇಳುತ್ತಾರೆ. 1 ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು. 200, 300, 400, 500 ಹೀಗೆ. ಕೆಲವರು ಮಿಲ್ ಅನ್ನುತ್ತಾರೆ, 12 ಮಿಲ್ ಅಂದರೆ ಸುಮಾರು 300 ಮೈಕ್ರಾನ್, 16 ಮಿಲ್ ಅಂದರೆ 400. ನನ್ನ ಮೊದಲ ಗುಳ್ಳೆ ಹಾಳೆ 400 ಮೈಕ್ರಾನ್ ಅಂತ ಹೇಳಿ ಮಾರಿದ್ದು. ಎರಡನೇ ಬೇಸಿಗೆ ಮುಗಿಯುವ ಮುಂಚೆ ಒಂದು ಬೆಳಿಗ್ಗೆ ಸ್ಕಿಮ್ಮರ್ ಬುಟ್ಟಿ (ನೀರಿನ ಮೇಲೆ ತೇಲುವ ಕಸ ಹಿಡಿಯುವ ಬುಟ್ಟಿ) ತೆಗೆದರೆ, ಈರುಳ್ಳಿ ಸಿಪ್ಪೆಯಂಥ ತೆಳು ನೀಲಿ ಚೂರುಗಳು ಮುಷ್ಟಿ ತುಂಬ. ಹಾಳೆಯನ್ನು ಮುಟ್ಟಿದರೆ ಬೆರಳಿಗೆ ಅಂಟಿಕೊಂಡು ಬರುತ್ತಿತ್ತು. ಬಿಸಿಲಿಗೆ ಪ್ಲಾಸ್ಟಿಕ್ ಒಣಗಿ ಹೋಗಿತ್ತು. ಆ ಚೂರುಗಳನ್ನು ಕೊಳದಿಂದ ಹೆಕ್ಕಿ ತೆಗೆಯಲು ನಮಗೆ ಒಂದು ವಾರ ಹಿಡಿಯಿತು, ಮಗಳ ಕೂದಲಲ್ಲೂ ಸಿಕ್ಕಿಕೊಳ್ಳುತ್ತಿತ್ತು. ಆಗ ಅದನ್ನು ತೂಗಿ ನೋಡಿದೆ. 200ರ ತೂಕವೂ ಪೂರ್ತಿ ಇರಲಿಲ್ಲ.

ತೂಗುವುದು ಸುಲಭ. ಆರ್ಡರ್ ಕೊಡುವ ಮುಂಚೆ ಒಂದು ಚದರ ಅಡಿ ತುಂಡನ್ನು ಸ್ಯಾಂಪಲ್ ಅಂತ ಕೇಳಿ ತರಿಸಿ. ಸ್ಯಾಂಪಲ್ ಕೊಡದವರ ಹತ್ತಿರ ಕೊಳ್ಳಬೇಡಿ. ಅಂಚು ನೇರ ಕತ್ತರಿಸಿ, ಓಣಿಯ ಕಿರಾಣಿ ಅಂಗಡಿಯ ಡಿಜಿಟಲ್ ತಕ್ಕಡಿಯಲ್ಲಿ ಇಡಿ. ಪಾಲಿಥಿನ್‌ನ ಸಾಂದ್ರತೆ ಲೆಕ್ಕ ಹಿಡಿದರೆ 400 ಮೈಕ್ರಾನ್ ಹಾಳೆಯ ಒಂದು ಚದರ ಅಡಿ ಸುಮಾರು 34 ಗ್ರಾಂ ಬರಬೇಕು. 200 ಆದರೆ 17 ಗ್ರಾಂ. 500 ಆದರೆ 43 ಗ್ರಾಂ ಹತ್ತಿರ. ಒಂದೆರಡು ಗ್ರಾಂ ಆಚೀಚೆ ಇದ್ದರೆ ತಲೆ ಕೆಡಿಸಿಕೊಳ್ಳಬೇಡಿ. 20 ಗ್ರಾಂ ತೂಗುವುದನ್ನು 400 ಅಂತ ಹೇಳಿದರೆ ಸುಮ್ನೆ ಎದ್ದು ಬನ್ನಿ.

ದಪ್ಪ ಜಾಸ್ತಿ ಆದಷ್ಟೂ ಒಳ್ಳೆಯದು ಅಂತಲೂ ಅಲ್ಲ. ಆವಿ ತಡೆಯುವುದರಲ್ಲಿ 200ಕ್ಕೂ 500ಕ್ಕೂ ಹೇಳಿಕೊಳ್ಳುವಂಥ ವ್ಯತ್ಯಾಸ ಇಲ್ಲ, ನೀರಿನ ಮೈ ಮುಚ್ಚಿದರೆ ಮುಗಿಯಿತು. ದಪ್ಪಕ್ಕೆ ಕೊಡುವ ದುಡ್ಡು ಬಾಳಿಕೆಗೆ. ನಮ್ಮ ಬಿಸಿಲಿಗೆ 400 ನನ್ನ ಆಯ್ಕೆ. ಚೆನ್ನಾಗಿ ನೋಡಿಕೊಂಡರೆ ಮೂರು ನಾಲ್ಕು ವರ್ಷ ಬರುತ್ತದೆ. 500 ಇನ್ನೂ ಸ್ವಲ್ಪ ಜಾಸ್ತಿ ಬಾಳಬಹುದು, ಆದರೆ ನಮ್ಮ ಅಳತೆಯ ಕೊಳಕ್ಕೆ 400 ಮೈಕ್ರಾನ್ ಹಾಳೆ ಸುಮಾರು 12 ಕಿಲೋ ಆದರೆ 500 ಮೈಕ್ರಾನ್ ಹಾಳೆ 15 ಕಿಲೋ. ಅದರ ಮೇಲೆ ನೀರು, ಧೂಳು ಬೇರೆ. ಎಳೆಯುವ ಕೈಗೆ ಆ ಮೂರು ಕಿಲೋ ಗೊತ್ತಾಗುತ್ತದೆ.

ಗುಳ್ಳೆಯ ಆಕಾರವನ್ನೂ ನೋಡಿ. ಸಾಮಾನ್ಯ ದುಂಡು ಗುಳ್ಳೆಯಲ್ಲಿ ತುದಿ ಮತ್ತು ಬುಡದ ಅಂಚು ತೆಳುವಾಗಿರುತ್ತದೆ, ಮೊದಲು ಒಡೆಯುವುದು ಅಲ್ಲೇ. ಎರಡು ಗುಳ್ಳೆ ನಡು ಸೇರಿಸಿ ಜೋಡಿಸಿದಂಥ, ಜಿಯೋಬಬಲ್ ಅನ್ನುವ ವಿನ್ಯಾಸದಲ್ಲಿ ಆ ತೆಳು ಜಾಗ ಇಲ್ಲ. ದರ ಜಾಸ್ತಿ, ಬಾಳಿಕೆಯೂ ಜಾಸ್ತಿ. ಬಜೆಟ್ ಇದ್ದರೆ ದಪ್ಪ ಏರಿಸುವ ಬದಲು ಇದಕ್ಕೆ ಹೋಗಿ.

ಬಣ್ಣ

ತಿಳಿ ನೀಲಿ ಅಥವಾ ಬಣ್ಣವಿಲ್ಲದ ಹಾಳೆ ಬಿಸಿಲನ್ನು ಒಳಗೆ ಬಿಡುತ್ತದೆ, ನೀರು ಆಳದ ತನಕ ಕಾಯುತ್ತದೆ. ಕಪ್ಪು ಬಣ್ಣ ಬಿಸಿಲು ಹೀರುತ್ತದಲ್ಲ, ಅದೇ ಜಾಸ್ತಿ ಕಾಯಿಸಬೇಕಲ್ವಾ ಅಂತ ಹಲವರು ಕೇಳುತ್ತಾರೆ. ಕಪ್ಪು ಹಾಳೆ ತಾನು ಕಾಯುತ್ತದೆ, ಅದಕ್ಕೆ ತಾಗಿದ ಮೇಲಿನ ನೀರು ಕಾಯುತ್ತದೆ, ಕೆಳಗಿನದು ತಣ್ಣಗೇ ಉಳಿಯುತ್ತದೆ. ಒಂದಷ್ಟು ಕಾವು ಮೇಲಿನ ಗಾಳಿಗೆ ಹೋಗುತ್ತದೆ. ಬೆಚ್ಚಗಿನ ನೀರು ಬೇಕಾದವರು ತಿಳಿ ಬಣ್ಣವನ್ನೇ ತೆಗೆದುಕೊಳ್ಳಬೇಕು.

ಆದರೆ ಬೆಳಕು ಬಿಡದ ಹಾಳೆಗೂ ಗುಣ ಇದೆ. ಬಿಸಿಲು ಬೀಳದಿದ್ದರೆ ಪಾಚಿ ಬೆಳೆಯುವುದಿಲ್ಲ. ಕ್ಲೋರಿನ್ ಕೂಡ ಉಳಿಯುತ್ತದೆ, ಯಾಕೆಂದರೆ ಬಿಸಿಲಿನ ನೇರಳಾತೀತ ಕಿರಣ ಕ್ಲೋರಿನ್‌ಅನ್ನು ಬೇಗ ಒಡೆಯುತ್ತದೆ. ಬೇಸಿಗೆಯಲ್ಲಿ ತಿಳಿ ಹಾಳೆ ಹಾಕಿಟ್ಟರೆ ನೀರು ಬಚ್ಚಲ ನೀರಿನ ಹಾಗೆ ಆಗುತ್ತದೆ. ನಮ್ಮ ಕೊಳ ಒಂದು ಮೇ ತಿಂಗಳಲ್ಲಿ 34 ಡಿಗ್ರಿ ತಲುಪಿತ್ತು. ಇಳಿದರೆ ಹಾಯ್ ಅನಿಸಲೇ ಇಲ್ಲ, ಎರಡೇ ದಿನಕ್ಕೆ ಗೋಡೆ ಜಾರಲು ಶುರುವಾಯಿತು. ಮೇಲೆ ಬೆಳ್ಳಿ ಬಣ್ಣ, ಕೆಳಗೆ ಕಪ್ಪು ಇರುವ ಹಾಳೆ ಇಂಥ ಕಡೆಗೆ ಸರಿ. ಹಗಲು ಮುಚ್ಚಿ ಬಿಸಿಲನ್ನೂ ಆವಿಯನ್ನೂ ತಡೆಯುವುದು, ರಾತ್ರಿ ಎರಡು ಮೂರು ಗಂಟೆ ತೆರೆದು ನೀರನ್ನು ಗಡಿಗೆಯ ಹಾಗೆ ತಣ್ಣಗಾಗಲು ಬಿಡುವುದು. ಸ್ವಲ್ಪ ನೀರು ಹೋಗುತ್ತದೆ, ಹೋಗಲಿ.

ಧಾರವಾಡದಲ್ಲಿ ಡಿಸೆಂಬರ್, ಜನವರಿಯ ರಾತ್ರಿ 14, 15 ಡಿಗ್ರಿಗೆ ಇಳಿಯುತ್ತದೆ. ಕವರ್ ಇಲ್ಲದ ಜನವರಿಯಲ್ಲಿ ನಮ್ಮ ನೀರು ಬೆಳಿಗ್ಗೆ 22 ಡಿಗ್ರಿ ಇರುತ್ತಿತ್ತು, ಮಕ್ಕಳ ತುಟಿ ನೀಲಿ ಆಗುತ್ತಿತ್ತು. ತಿಳಿ ನೀಲಿ ಹಾಳೆ ಹಗಲೂ ರಾತ್ರಿ ಮುಚ್ಚಿಟ್ಟು ಈಜುವಾಗ ಮಾತ್ರ ತೆಗೆದ ವರ್ಷ ಅದೇ ನೀರು 26 ಮುಟ್ಟಿತು. ಧಾರವಾಡಕ್ಕೆ ನಾನು ತಿಳಿ ನೀಲಿಯನ್ನೇ ಹೇಳುತ್ತೇನೆ, ಏಪ್ರಿಲ್, ಮೇ ಎರಡು ತಿಂಗಳು ಹಗಲು ಮೇಲೆ ಶೇಡ್ ನೆಟ್ ಇದ್ದರೆ ಕಾವಿನ ಸಮಸ್ಯೆ ಅಲ್ಲಿಗೇ ತೀರುತ್ತದೆ. ಗದಗಕ್ಕೆ ಬೆಳ್ಳಿ-ಕಪ್ಪು. ಅಲ್ಲಿ ಚಳಿಗಿಂತ ಬಿಸಿಲು, ಗಾಳಿ ದೊಡ್ಡದು. ಕಪ್ಪತಗುಡ್ಡದ ಸುತ್ತ ನಿಂತ ಗಾಳಿಯಂತ್ರಗಳೇ ಹೇಳುತ್ತವೆ ಗಾಳಿ ಎಷ್ಟು ಅಂತ. ಗಾಳಿ ಬೀಸಿದಷ್ಟೂ ನೀರು ಬೇಗ ಒಣಗುತ್ತದೆ, ಬಟ್ಟೆ ಒಣಗಿದ ಹಾಗೆ. ಹಾವೇರಿ, ರಾಣೆಬೆನ್ನೂರಿನವರು ತಮ್ಮ ಕೊಳದ ಮೇಲೆ ಮರದ ನೆರಳು ಇದೆಯೋ ಇಲ್ಲವೋ ನೋಡಿ ತೀರ್ಮಾನಿಸಿ. ನೆರಳಿದ್ದರೆ ತಿಳಿ ಬಣ್ಣ, ಬಯಲಿದ್ದರೆ ಬೆಳ್ಳಿ.

ದಿನಾ ಎಳೆಯುವವರು ಯಾರು?

ಹಾಳೆ ಬಂದ ದಿನ ತೋಟ ನೋಡಿಕೊಳ್ಳುವ ಹುಡುಗ ಅದನ್ನು ಒಮ್ಮೆ ಎತ್ತಿ ನೋಡಿ ಕೇಳಿದ, "ಅಣ್ಣಾರ, ಇದನ್ನ ದಿನಾ ಯಾರ ಎಳೀಬೇಕ್ರಿ?" ಕೊಳ್ಳುವ ಮುಂಚೆ ನಾನೇ ಕೇಳಿಕೊಳ್ಳಬೇಕಾಗಿದ್ದ ಪ್ರಶ್ನೆ ಅದು. ಎಷ್ಟೋ ಮನೆಗಳಲ್ಲಿ ಒಳ್ಳೆಯ ಕವರ್ ಇರುತ್ತದೆ, ಮೂಲೆಯಲ್ಲಿ ಮಡಚಿ ಬಿದ್ದಿರುತ್ತದೆ. ಬ್ಯಾಡಗಿ ಕಡೆ ಮೆಣಸಿನಕಾಯಿ ಒಣಹಾಕಿದವರು ಇಬ್ಬನಿ ಬೀಳುವ ಮುಂಚೆ ತಾಡಪತ್ರಿ ಹೊದಿಸಿ, ಬಿಸಿಲೇರಿದ ಮೇಲೆ ತೆಗೆಯುತ್ತಾರಲ್ಲ, ಆ ರೂಢಿ ಇದಕ್ಕೂ ಬೇಕು. ರೂಢಿ ಆಗಬೇಕಾದರೆ ಕೆಲಸ ಹಗುರ ಇರಬೇಕು.

ಅದಕ್ಕೇ ರೋಲರ್. ಕೊಳದ ಗಿಡ್ಡ ಬದಿಯಲ್ಲಿ ನಿಲ್ಲುವ ಅಲ್ಯೂಮಿನಿಯಂ ಪೈಪು, ತಿರುಗಿಸಲು ಒಂದು ಚಕ್ರ. ರೋಲರ್ ಇದ್ದರೆ ಸುತ್ತುವುದು ಒಬ್ಬರ ಎರಡು ನಿಮಿಷದ ಕೆಲಸ, ಹರಡುವಾಗ ತುದಿಗೆ ಹಗ್ಗ ಕಟ್ಟಿ ಎದುರಿನಿಂದ ಇನ್ನೊಬ್ಬರು ಎಳೆದರೆ ಸಾಕು. 500 ಮೈಕ್ರಾನ್ ಹಾಳೆ ತೆಗೆದುಕೊಂಡು ರೋಲರ್ ಬಿಡುವುದಕ್ಕಿಂತ, 400 ಹಾಳೆ ಜೊತೆ ರೋಲರ್ ತೆಗೆದುಕೊಳ್ಳಿ. ಇಡೀ ಬರಹದಲ್ಲಿ ಒಂದೇ ಮಾತು ಕೇಳುವುದಾದರೆ ಇದನ್ನು ಕೇಳಿ. ಪೈಪು ನಿಮ್ಮ ಕೊಳದ ಅಗಲಕ್ಕೆ ಜೋತು ಬೀಳದಷ್ಟು ದಪ್ಪ ಇದೆಯಾ, ಚಕ್ರದ ಬೋಲ್ಟ್‌ಗಳು ಸ್ಟೇನ್‌ಲೆಸ್ ಸ್ಟೀಲಾ ಅಂತ ಕೇಳಿ. ಸಾದಾ ಬೋಲ್ಟ್ ಕ್ಲೋರಿನ್ ನೀರಿಗೆ ಬೇಗ ತುಕ್ಕು ಹಿಡಿಯುತ್ತದೆ.

ಕಂಪೌಂಡ್ ಗೋಡೆ ಹತ್ತಿರ ಇದ್ದು ರೋಲರ್ ಇಡಲು ಜಾಗ ಇಲ್ಲವಾ? ಹಾಳೆಯನ್ನು ಅಡ್ಡಕ್ಕೆ ಎರಡು ತುಂಡು ಮಾಡಿ. ನಮ್ಮ ಅಳತೆಯಾದರೆ 4 ಮೀಟರ್ ಚೌಕದ ಎರಡು ಹಾಳೆ, ಒಂದೊಂದೂ 6 ಕಿಲೋ. ರಾಣೆಬೆನ್ನೂರಿನ ಗೆಳೆಯನ ತಾಯಿ ಅರವತ್ತು ದಾಟಿದವರು, ಅವರೊಬ್ಬರೇ ಎರಡೂ ತುಂಡು ಎಳೆದು ಕೊಡವಿ ಮಡಚಿಡುತ್ತಾರೆ. ನಡುವಿನ ಸಂದಿಯಲ್ಲಿ ಸ್ವಲ್ಪ ಆವಿ ಹೋಗುತ್ತದೆ, ಮೂಲೆಯಲ್ಲಿ ಬಿದ್ದಿರುವ ದೊಡ್ಡ ಹಾಳೆಗಿಂತ ಅದು ಎಷ್ಟೋ ಮೇಲು.

ಸುತ್ತಿಟ್ಟ ಹಾಳೆಯ ಮೇಲೆ ಬಿಳಿ ಹೊದಿಕೆ ಹಾಕುವುದನ್ನು ಮರೆಯಬೇಡಿ. ನೀರಿನ ಮೇಲೆ ಇದ್ದಾಗ ನೀರೇ ಅದನ್ನು ತಣ್ಣಗಿಡುತ್ತದೆ. ಸುತ್ತಿ ಬಿಸಿಲಿಗೆ ಬಿಟ್ಟರೆ ಪದರ ಪದರದ ನಡುವೆ ಕಾವು ಕಟ್ಟಿಕೊಂಡು ಗುಳ್ಳೆಗಳು ಒಡೆಯುತ್ತವೆ, ಒಂದಕ್ಕೊಂದು ಅಂಟುತ್ತವೆ. ನಮ್ಮ ಎರಡನೇ ಹಾಳೆಯ ಒಂದು ಮೂಲೆ ಹಾಳಾದದ್ದು ಹೀಗೇ, ಏಪ್ರಿಲ್‌ನ ಮೂರೇ ದಿನದಲ್ಲಿ, ಕಲ್ಲಿನ ಹಾಸಿನ ಮೇಲೆ. ಹಳೆಯ ಬಿಳಿ ಧೋತರ ಜೋಡಿಸಿ ಹೊಲಿಸಿದರೂ ನಡೆಯುತ್ತದೆ.

ಬ್ಲೀಚಿಂಗ್ ಪೌಡರ್ ಜೋರಾಗಿ ಹಾಕಿದ ದಿನ ಕವರ್ ಮುಚ್ಚಬೇಡಿ. ಮುಚ್ಚಿದರೆ ಕ್ಲೋರಿನ್ ಹಾಳೆಯ ಅಡಿಯಲ್ಲೇ ಕೂತು ಪ್ಲಾಸ್ಟಿಕ್ ತಿನ್ನುತ್ತದೆ. ಟೆಸ್ಟ್ ಕಿಟ್‌ನಲ್ಲಿ ಕ್ಲೋರಿನ್ 3 ಪಿಪಿಎಂಗೆ (ಲೀಟರಿಗೆ 3 ಮಿಲಿಗ್ರಾಂ) ಇಳಿದ ಮೇಲೆ ಮುಚ್ಚಿ. ಹಾಳೆ ಮೇಲಿನ ಧೂಳನ್ನು ಸುತ್ತುವ ಮುಂಚೆ ಮೆತ್ತನೆ ಕಸಬರಗಿಯಿಂದ ಗುಡಿಸಿ, ಇಲ್ಲದಿದ್ದರೆ ಅದೆಲ್ಲ ಕೊಳಕ್ಕೇ ಜಾರುತ್ತದೆ.

ಮಳೆಗಾಲದಲ್ಲಿ ಹಾಳೆಯನ್ನು ತೆಗೆದೇ ಇಡಿ. ಮಳೆಯೇ ಕೊಳ ತುಂಬುವಾಗ ಉಳಿಸಲು ಏನೂ ಇಲ್ಲ, ಮೇಲೆ ನಿಂತ ನೀರಿನಲ್ಲಿ ಒಂದು ವಾರ ಹತ್ತು ದಿನಕ್ಕೆ ಡೆಂಗಿ ಸೊಳ್ಳೆ ಹುಟ್ಟುತ್ತದೆ. ತೊಳೆದು, ಪೂರಾ ಒಣಗಿಸಿ, ಇಲಿ ಬಾರದ ಕಡೆ ಎತ್ತಿಡಿ.

ಕವರ್ ಮಕ್ಕಳಿಗೆ ಕಾವಲಲ್ಲ

ಇದನ್ನು ದೊಡ್ಡ ದನಿಯಲ್ಲಿ ಹೇಳಬೇಕು. ಗುಳ್ಳೆ ಹಾಳೆ ನೆಲದ ಹಾಗೆ ಕಾಣುತ್ತದೆ. ಸಣ್ಣ ಮಗು ಕಾಲಿಟ್ಟರೆ ಹಾಳೆ ಮಗುವನ್ನು ಸುತ್ತಿಕೊಂಡು ಒಳಗೆ ಹೋಗುತ್ತದೆ, ಮೇಲಿನಿಂದ ನೋಡಿದವರಿಗೆ ಏನೂ ಕಾಣುವುದಿಲ್ಲ. ನಾಯಿಮರಿ, ಕರುವಿಗೂ ಅಷ್ಟೇ. ಒಂದು ದಿನ ನಮ್ಮ ಕರು ಅಂಚಿಗೆ ಬಂದು ಮುಂದಿನ ಕಾಲು ಇಟ್ಟಿತ್ತು, ಹುಡುಗ ಹತ್ತಿರ ಇದ್ದದ್ದಕ್ಕೆ ಹಗ್ಗ ಹಿಡಿದು ಎಳೆದ. ಅದೇ ವಾರ ಬೇಲಿ ಹಾಕಿಸಿದೆ. ಕೊಳದ ಸುತ್ತ ಕನಿಷ್ಠ 1.2 ಮೀಟರ್ ಎತ್ತರದ ಬೇಲಿ, ತಾನೇ ಮುಚ್ಚಿಕೊಳ್ಳುವ ಗೇಟು, ಚಿಲಕ ಮಕ್ಕಳ ಕೈಗೆ ಎಟುಕದಷ್ಟು ಮೇಲೆ. ಕವರ್‌ಗೆ ಮತ್ತು ಬೇಲಿಗೆ ಎರಡಕ್ಕೂ ದುಡ್ಡು ಸಾಲದಿದ್ದರೆ ಈ ವರ್ಷ ಬೇಲಿ, ಮುಂದಿನ ವರ್ಷ ಕವರ್. ಈಜುವಾಗ ಅರ್ಧ ಸುತ್ತಿ ಅರ್ಧ ಬಿಡುವುದೂ ಬೇಡ, ಪೂರ್ತಿ ತೆಗೆಯಿರಿ.

ಹುಬ್ಬಳ್ಳಿಯಲ್ಲಿ ಈಗ ಮಾಳಿಗೆ ಮೇಲೆ ಫ್ರೇಮ್ ಪೂಲ್ (ಪೈಪಿನ ಚೌಕಟ್ಟಿಗೆ ಪ್ಲಾಸ್ಟಿಕ್ ತೊಟ್ಟಿ ಕಟ್ಟಿದ ಕೊಳ) ಇಟ್ಟು, ಅದಕ್ಕೆ ಕವರ್ ಯಾವುದು ಅಂತ ಕೇಳುವವರೂ ಇದ್ದಾರೆ. ಅವರಿಗೆ ಕವರ್‌ಗಿಂತ ಮೊದಲು ಸ್ಲ್ಯಾಬಿನ ಮಾತು. 75 ಸೆಂಟಿಮೀಟರ್ ನೀರು ಅಂದರೆ ಪ್ರತಿ ಚದರ ಮೀಟರ್‌ಗೆ 750 ಕಿಲೋ ಭಾರ. ಜನ ಓಡಾಡುವ ಮನೆ ಮಾಳಿಗೆಯನ್ನು ಸಾಮಾನ್ಯವಾಗಿ ಚದರ ಮೀಟರ್‌ಗೆ ಅದರ ಸ್ವಂತ ತೂಕ ಬಿಟ್ಟು 150 ಕಿಲೋ ಭಾರಕ್ಕೆ ಲೆಕ್ಕ ಹಾಕಿ ಕಟ್ಟಿರುತ್ತಾರೆ. ಇಂಜಿನಿಯರ್ ನೋಡಿ ಹೂಂ ಅನ್ನದೆ ಒಂದು ಕೊಡ ನೀರೂ ತುಂಬಬೇಡಿ.

ಅಳತೆ, ಕತ್ತರಿ

ಹಾಳೆ ಇಲ್ಲಿಗೆ ಹೆಚ್ಚಾಗಿ ಬೆಂಗಳೂರು, ಪುಣೆ ಕಡೆಯಿಂದ ಟ್ರಾನ್ಸ್‌ಪೋರ್ಟ್‌ನಲ್ಲಿ ಬರುತ್ತದೆ. ದರ ಚದರ ಅಡಿಗೋ ಚದರ ಮೀಟರ್‌ಗೋ, ಜಿಎಸ್‌ಟಿ ಸೇರಿಸಿಯೋ ಬಿಟ್ಟೋ, ಲಾರಿ ಬಾಡಿಗೆ ಯಾರದು, ಎಲ್ಲ ಬರೆಸಿಕೊಳ್ಳಿ. ವಾರಂಟಿ ಮೂರು ವರ್ಷ ಅಂದರೆ ಪೂರ್ತಿ ದುಡ್ಡು ಮೂರು ವರ್ಷ ಅಂತ ತಿಳಿಯಬೇಡಿ, ವರ್ಷ ಕಳೆದಂತೆ ಕೊಡುವ ಪಾಲು ಇಳಿಯುತ್ತಾ ಹೋಗುವುದೇ ಜಾಸ್ತಿ.

ಅಳತೆಯನ್ನು ಮೇಲಿನ ಕಲ್ಲಿನ ಅಂಚಿಗೆ ತೆಗೆದುಕೊಳ್ಳಬೇಡಿ, ನೀರು ನಿಲ್ಲುವ ಮಟ್ಟಕ್ಕೆ ತೆಗೆದುಕೊಳ್ಳಿ. ಹಾಳೆ ಅಂಚು ಹತ್ತಿ ಕೂತರೆ ಗಾಳಿ ಅಡಿಗೆ ನುಗ್ಗಿ ಎತ್ತುತ್ತದೆ. ಗದಗಿನಲ್ಲಿ ಮಾವನವರ ಹಾಳೆ ಹಾಗೇ ಎದ್ದು ಪಕ್ಕದ ಹೊಲದ ಬೇಲಿಗೆ ಸಿಕ್ಕಿಕೊಂಡಿತ್ತು. ದುಂಡು ಅಥವಾ ಅಂಕುಡೊಂಕು ಕೊಳ ಆದರೆ ಉದ್ದ ಅಗಲದ ಆಯತ ತರಿಸಿ ಮನೆಯಲ್ಲೇ ಕತ್ತರಿಸಿ. ಹಾಳೆ ಬಂದ ಕೂಡಲೇ ಕತ್ತರಿ ಹಿಡಿಯಬೇಡಿ. ಗುಳ್ಳೆ ಕೆಳಗೆ ಮಾಡಿ ನೀರಿನ ಮೇಲೆ ಹರಡಿ ನಾಲ್ಕೈದು ದಿನ ಬಿಸಿಲಿಗೆ ಬಿಡಿ. ಖಾದಿ ಬಟ್ಟೆಯನ್ನು ಹೊಲಿಸುವ ಮುಂಚೆ ನೆನೆಸಿ ಒಣಗಿಸುತ್ತೇವಲ್ಲ, ಹಾಗೆ. ಸುಕ್ಕು ಬಿಟ್ಟು, ಕುಗ್ಗುವಷ್ಟು ಕುಗ್ಗಿ, ನೀರಿಗೆ ಚಪ್ಪಟೆ ಕೂರುತ್ತದೆ. ಆಮೇಲೆ ಸಾದಾ ಕತ್ತರಿಯಿಂದ ಅಂಚಿನ ಗುಂಟ ಕತ್ತರಿಸಿ. ಮೆಟ್ಟಿಲು, ಏಣಿಯ ಹತ್ತಿರ ಎರಡು ಬೆರಳು ಜಾಸ್ತಿಯೇ ಬಿಡಿ, ಬೇಕಾದರೆ ನಾಳೆ ಮತ್ತೆ ಕತ್ತರಿಸಬಹುದು.